ಅತ್ತೆ ಸೊಸೆ ಸೊಂಟ ಎತ್ತಿದ್ದು

ಆಸ್ಪತ್ರೆ, ಹೋಟೆಲುಗಳ ಚಾದರ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಪಟಾಕಿ ಅಂತಲೇ ಕರೆಯುತ್ತಿದ್ದರು. ಜಗಳಗಂಟಿ ಅಂತಲ್ಲ, ಅವಳ ನಗು ಹಾಗಿತ್ತು. ಮೊದಲು ಬತ್ತಿಗೆ ಕಿಡಿ ತಾಗಿದ ಹಾಗೆ ಮೂಗಿನಲ್ಲಿ ಸುಂಯ್ ಅನ್ನುವ ಸಣ್ಣ ಸದ್ದು. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಢಮಾರ್. ಯಂತ್ರಗಳ ಗದ್ದಲದಲ್ಲಿ ಪಕ್ಕದವರ ಮಾತು ಕಿವಿಗೆ ಬೀಳದಿದ್ದರೂ ಆಚೆ ತುದಿಯಿಂದ ಅವಳ ನಗು ಬೀಳುತ್ತಿತ್ತು. ಯಾಕೆ ನಕ್ಕಳು ಅಂತ ಗೊತ್ತಿಲ್ಲದವರೂ ನಗುತ್ತಿದ್ದರು.

ಅವಳದು ಚಾದರ ಮಡಚುವ ಕೆಲಸ. ಬಿಸಿ ಉರುಳೆಯ ಇಸ್ತ್ರಿ ಯಂತ್ರದಿಂದ ಚಾದರ ಹಪ್ಪಳದ ಹಾಗೆ ಗರಿಗರಿಯಾಗಿ ಹೊರಗೆ ಬಂದರೆ ಇಬ್ಬರು ಹೆಂಗಸರು ಎರಡೆರಡು ಮೂಲೆ ಹಿಡಿದು ಒಂದು ಸಲ ಬಿಗಿಯಾಗಿ ಜಗ್ಗಬೇಕು, ಉದ್ದಕ್ಕೆ ಮಡಚಬೇಕು, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಅವಳ ಎದುರಿಗೆ ನಿಲ್ಲುತ್ತಿದ್ದವಳು ಉದ್ದಕ್ಕ. ವಯಸ್ಸಿನಲ್ಲಿ ಹತ್ತು ವರ್ಷ ದೊಡ್ಡವಳು, ಎತ್ತರದಲ್ಲಿ ಇನ್ನೂ ದೊಡ್ಡವಳು. ಏಳು ವರ್ಷ ಇಬ್ಬರದೂ ಒಂದೇ ಮೇಜು. ಒಂದು ಚಾದರ ಮಡಚುವಷ್ಟರಲ್ಲಿ ಇಬ್ಬರ ಮುಖ ಮೂರು ಸಲ ಹತ್ತಿರ ಬರುತ್ತಿತ್ತು. ಆ ಮೂರು ಸಲದಲ್ಲಿ ಒಂದು ತಮಾಷೆ ಶುರು ಮಾಡಿ, ಬೆಳೆಸಿ, ಮುಗಿಸಿಬಿಡುವುದರಲ್ಲಿ ಉದ್ದಕ್ಕ ಎತ್ತಿದ ಕೈ. ಹೇಳುವಾಗ ಅವಳ ಮುಖದ ಒಂದು ಗೆರೆಯೂ ಅಲ್ಲಾಡುತ್ತಿರಲಿಲ್ಲ. ಹೊಟ್ಟೆ ಹುಣ್ಣಾಗುವಂತೆ ನಗುವುದೆಲ್ಲ ಪಟಾಕಿಯ ಪಾಲಿನ ಕೆಲಸ.

ಹೀಗಿರುವಾಗ ಪಟಾಕಿಗೆ ಮೂರನೆಯ ಹೆರಿಗೆಯಾಯಿತು. ಮೊದಲ ಎರಡು ಹೆಣ್ಣುಮಕ್ಕಳು ಹೂ ಎತ್ತಿದ ಹಾಗೆ ಹುಟ್ಟಿದ್ದವು. ಈ ಗಂಡು ಮಗು ನಾಲ್ಕು ಕಿಲೋ ದಾಟಿತ್ತು, ಒಂದು ಹಗಲು ಒಂದು ರಾತ್ರಿ ತಾಯಿಯನ್ನು ಸತಾಯಿಸಿತು. ನಾಲ್ಕು ತಿಂಗಳ ರಜೆ ಮುಗಿಸಿ ಅವಳು ಮತ್ತೆ ಮೇಜಿಗೆ ಬಂದು ನಿಂತಾಗ ಹೊಟ್ಟೆ ಇನ್ನೂ ಹಿಟ್ಟಿನ ಮುದ್ದೆಯ ಹಾಗೆ ಮೆತ್ತಗಿತ್ತು. ಒದ್ದೆ ಗಂಟು ಎತ್ತುವಾಗ ಸೊಂಟ ಹಿಡಿಯುತ್ತಿತ್ತು. ಬಾಣಂತನ ಅಂದಮೇಲೆ ಇದೆಲ್ಲ ಇದ್ದದ್ದೇ ಅಂದುಕೊಂಡಳು.

ಎರಡನೆಯ ವಾರ ಉದ್ದಕ್ಕ ತಮ್ಮ ಮೇಲ್ವಿಚಾರಕರ ಕತೆ ತೆಗೆದಳು. ಅವರು ಹಿಂದಿನ ದಿನ ಯಾರಿಗೋ ಬೈಯುತ್ತಾ ಬೈಯುತ್ತಾ ಹಿಂದಕ್ಕೆ ನಡೆದು ಕೊಳೆ ಬಟ್ಟೆಯ ಗಾಡಿಯೊಳಗೆ ಕೂತುಬಿಟ್ಟಿದ್ದರಂತೆ. ಗಾಡಿಗೆ ಚಕ್ರ. ಅವರು ಬೈಗುಳ ನಿಲ್ಲಿಸದೆ ಹಾಗೇ ಬಾಗಿಲ ತನಕ ಹೋದರಂತೆ. ಪಟಾಕಿಯ ಮೂಗಿನಲ್ಲಿ ಸುಂಯ್ ಅಂದಿತು, ಸಿಡಿಯಿತು. ಸಿಡಿದ ಅದೇ ಗಳಿಗೆಯಲ್ಲಿ ತೊಡೆಯ ಒಳಗೆ ಏನೋ ಬೆಚ್ಚಗೆ ಇಳಿಯಿತು.

ಅವಳ ನಗು ಅರ್ಧಕ್ಕೇ ನಿಂತಿತು. ಚಾದರದ ಎರಡು ಮೂಲೆ ಹಿಡಿದು ಕಂಬದ ಹಾಗೆ ನಿಂತಳು. ಹೊಟ್ಟೆ ಯಾಕೋ ಸರಿಯಿಲ್ಲ ಅಂತ ಹೇಳಿ, ಕೈಗೆ ಸಿಕ್ಕಿದ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು ಶೌಚಾಲಯಕ್ಕೆ ಹೋದಳು. ಅಲ್ಲಿ ಕೂತು ತನ್ನ ಒದ್ದೆ ಬಟ್ಟೆ ನೋಡಿಕೊಂಡಾಗ ಅಳು ಬರಲಿಲ್ಲ, ಗಾಬರಿಯೂ ಆಗಲಿಲ್ಲ. ತನ್ನ ಎರಡನೆಯ ಮಗಳಿಗೇ ಈ ಅಭ್ಯಾಸ ಬಿಟ್ಟು ಎರಡು ವರ್ಷವಾಯಿತಲ್ಲ ಅನ್ನಿಸಿತು, ಅಷ್ಟೇ.

ಅದು ಒಂದು ಸಲಕ್ಕೆ ಮುಗಿಯಲಿಲ್ಲ. ಕೆಮ್ಮಿದರೆ, ಸೀನಿದರೆ, ಮಗುವನ್ನು ತೊಟ್ಟಿಲಿನಿಂದ ಎತ್ತಿದರೆ, ಬಸ್ಸಿಗೆ ನಾಲ್ಕು ಹೆಜ್ಜೆ ಓಡಿದರೆ ಅದೇ ಹಾಡು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗೆ, ನುಂಗುವುದಕ್ಕೂ ಆಗದು, ಉಗುಳುವುದಕ್ಕೂ ಆಗದು. ಅವಳು ತನಗೆ ತಾನೇ ಉಪಾಯ ಹುಡುಕಿಕೊಂಡಳು. ಕಪ್ಪು, ಕಡುನೀಲಿ ಬಟ್ಟೆಯನ್ನೇ ಉಡುತ್ತಿದ್ದಳು. ಬೆಳಿಗ್ಗೆ ಒಂದು ಲೋಟ ಚಹಾ ಕುಡಿದರೆ ಮಧ್ಯಾಹ್ನದ ತನಕ ನೀರು ಮುಟ್ಟುತ್ತಿರಲಿಲ್ಲ. ಲಾಂಡ್ರಿಯ ಉಗಿಯಲ್ಲಿ ನಿಂತು ನೀರು ಕುಡಿಯದೆ ಇದ್ದರೆ ಏನಾಗಬೇಕೋ ಅದಾಯಿತು, ತಲೆ ಸಿಡಿಯತೊಡಗಿತು, ಉರಿಮೂತ್ರವೂ ಸೇರಿಕೊಂಡಿತು. ಯಾರಾದರೂ ಇಲ್ಲೇನೋ ವಾಸನೆ ಅಂದರೆ, ಅದು ಸತ್ತ ಇಲಿಯದೇ ಆಗಿರಲಿ, ಕುಂಬಳಕಾಯಿ ಕಳ್ಳನ ಹಾಗೆ ಅವಳ ಕೈ ತನ್ನ ಬಟ್ಟೆಯ ಮೇಲೇ ಹೋಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಅವಳು ನಗುವುದನ್ನು ಬಿಟ್ಟಳು. ಉದ್ದಕ್ಕ ಬಾಯಿ ತೆರೆದರೆ ಇವಳು ಮನಸ್ಸಿನಲ್ಲಿ ಲೆಕ್ಕದ ಮಗ್ಗಿ ಹೇಳಿಕೊಳ್ಳುತ್ತಿದ್ದಳು. ಹದಿಮೂರರ ಮಗ್ಗಿ ಹೇಳುತ್ತಾ ಯಾರೂ ನಗಲಾರರು. ಮೊದಮೊದಲು ಉದ್ದಕ್ಕ ಇನ್ನೂ ಜಾಸ್ತಿ ಪ್ರಯತ್ನಪಟ್ಟಳು. ಆಮೇಲೆ ಏನಾಯಿತು ಅಂತ ಕೇಳಿದಳು. ಏನಿಲ್ಲ ಅಂದಳು ಇವಳು. ಮಗುವಿನ ಕಾಟಕ್ಕೆ ನಿದ್ದೆಯಿಲ್ಲವಾ ಅಂದಳು. ಹೂಂ ಅಂದಳು. ಎರಡು ತಿಂಗಳು ಕಳೆಯುವಷ್ಟರಲ್ಲಿ ಪಟಾಕಿ ಟುಸ್ ಆಯಿತು ಅಂತ ಲಾಂಡ್ರಿಯಲ್ಲಿ ಹೊಸ ಮಾತು ಹುಟ್ಟಿಕೊಂಡಿತು. ಗಂಡು ಹೆತ್ತ ಕೊಬ್ಬು ಅಂದವರೂ ಇದ್ದರು. ಒಂದು ಸೋಮವಾರ ಅವಳು ಬರುವ ಹೊತ್ತಿಗೆ ಉದ್ದಕ್ಕ ಮೇಲ್ವಿಚಾರಕರನ್ನು ಕೇಳಿ ಟವೆಲಿನ ಮೇಜಿಗೆ ಹೊರಟುಹೋಗಿದ್ದಳು. ಟವೆಲು ಮಡಚುವುದಕ್ಕೆ ಜೊತೆ ಬೇಕಿಲ್ಲ, ಒಬ್ಬರೇ ಸಾಕು.

ಮನೆಯಲ್ಲಿ ಗಂಡನಿಗೂ ಅನುಮಾನ ಬಂದಿತ್ತು. ಅವನು ಬೀಗ ರಿಪೇರಿಯವನು, ಎಂಥ ಬೀಗವನ್ನೂ ಕಿವಿಗೊಟ್ಟು ಕೇಳಿ ತೆರೆಯುತ್ತಿದ್ದ. ಹೆಂಡತಿಯ ಬಾಯಿಯ ಬೀಗ ಮಾತ್ರ ಅವನ ಕೈಗೆ ಬಗ್ಗಲಿಲ್ಲ. ಸೊಂಟ ನೋವು ಅಂದಳು. ಅದು ಸುಳ್ಳೇನೂ ಅಲ್ಲ.

ಆ ಮನೆಯಲ್ಲಿ ಇನ್ನೊಬ್ಬರಿದ್ದರು, ಅವಳ ಅತ್ತೆ. ಕಮ್ಮಿ ಮಾತಿನ, ಗಡಸು ಹೆಂಗಸು. ಕೆಟ್ಟವರಲ್ಲ, ಆದರೆ ಹತ್ತಿರಕ್ಕೆ ಬಿಟ್ಟುಕೊಳ್ಳುವವರಲ್ಲ. ಮದುವೆ ಮುಂಜಿ ಅಂತ ಯಾರು ಕರೆದರೂ ಮಂಡಿ ನೋವು ಅಂತ ಹೇಳಿ ಮನೆಯಲ್ಲೇ ಉಳಿಯುತ್ತಿದ್ದರು. ಸ್ವಂತ ತಂಗಿಯ ಮಗಳ ಮದುವೆಗೂ ಹೋಗಿರಲಿಲ್ಲ. ಆ ಊರಿಗೆ ಬಸ್ಸಿನಲ್ಲಿ ನಾಲ್ಕು ತಾಸು. ಅದಾಗಿ ಹನ್ನೊಂದು ವರ್ಷವಾಯಿತು, ಅಕ್ಕ ತಂಗಿಗೆ ಮಾತಿಲ್ಲ. ತಮ್ಮ ಬಟ್ಟೆಯನ್ನು ಬೇರೆಯವರು ಮುಟ್ಟುವಂತಿರಲಿಲ್ಲ, ಎಲ್ಲರೂ ಏಳುವ ಮುಂಚೆ ತಾವೇ ಒಗೆದು ಹಿಂದಿನ ತಂತಿಗೆ ಹರವುತ್ತಿದ್ದರು. ಪಟಾಕಿ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಒಳ್ಳೆ ಮನಸ್ಸಿನಿಂದ ಅತ್ತೆಯ ಬಟ್ಟೆಯನ್ನೂ ನೆನೆಸಲು ಹೋಗಿ ಬೈಸಿಕೊಂಡಿದ್ದಳು. ನಾನು ಒಗೆದದ್ದು ಇವರಿಗೆ ಶುದ್ಧವಿಲ್ಲವೇನೋ, ಊರಿನ ಆಸ್ಪತ್ರೆಗಳಿಗೆಲ್ಲ ಶುದ್ಧವಿದೆ ಅಂತ ಅವಳು ಅವತ್ತು ಮನಸ್ಸಿನಲ್ಲೇ ಉರಿದುಕೊಂಡಿದ್ದಳು.

ಒಂದು ಭಾನುವಾರ ಚಳಿಗೆ ಕಂಬಳಿ ತೆಗೆಯಬೇಕಿತ್ತು. ಕಂಬಳಿಯ ಪೆಟ್ಟಿಗೆ ಅಟ್ಟದ ಮೇಲೆ. ಗಂಡ ಮಕ್ಕಳಿಬ್ಬರನ್ನು ಕರೆದುಕೊಂಡು ಹೊರಗೆ ಹೋಗಿದ್ದ, ಕೂಸು ಮಲಗಿತ್ತು. ಪಟಾಕಿ ಸ್ಟೂಲು ಹತ್ತಿದಳು. ಸ್ಟೂಲಿನ ಒಂದು ಕಾಲು ಗಿಡ್ಡ ಅಂತ ಅತ್ತೆ ಕೆಳಗೆ ಹಿಡಿದುಕೊಂಡು ನಿಂತರು. ಪೆಟ್ಟಿಗೆ ಎಳೆದಳೋ ಇಲ್ಲವೋ ಒಂದು ವರ್ಷದ ಧೂಳು ಮುಖಕ್ಕೆ ಬಂತು. ಒಂದು ಸೀನು, ಎರಡು ಸೀನು, ಮೂರು ಸೀನು. ಎರಡೂ ಕೈಯಲ್ಲಿ ಪೆಟ್ಟಿಗೆ ಇದ್ದದ್ದರಿಂದ ಏನು ಮಾಡುವುದಕ್ಕೂ ಆಗಲಿಲ್ಲ. ಸ್ಟೂಲಿನ ಮೇಲಿನಿಂದ ನೆಲಕ್ಕೆ ತೊಟತೊಟ ಬಿತ್ತು, ಒಂದೆರಡು ಹನಿ ಅತ್ತೆಯ ಕೈಯ ಮೇಲೂ ಬಿತ್ತು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಅತ್ತೆ ಮೊದಲು ಪೆಟ್ಟಿಗೆ ಇಸಿದುಕೊಂಡರು. ಇವಳ ಕೈ ಹಿಡಿದು ಕೆಳಗಿಳಿಸಿದರು. ಆಮೇಲೆ ಒರೆಸುವ ಬಟ್ಟೆ ತಂದು ತಾವೇ ಕೂತು ನೆಲ ಒರೆಸತೊಡಗಿದರು. ಬಿಡಿ ಅತ್ತೆ, ನಾನು ಒರೆಸುತ್ತೇನೆ ಅಂತ ಇವಳು ಬಗ್ಗಿದರೆ ಮೊಣಕೈಯಿಂದ ಪಕ್ಕಕ್ಕೆ ಸರಿಸಿದರು.

ತಲೆ ಎತ್ತದೆ, ನೆಲ ಒರೆಸುತ್ತಲೇ, "ನನಗೂ ಹೀಗೇ," ಅಂದರು. "ನಿನ್ನ ಗಂಡ ಹುಟ್ಟಿದಾಗಿನಿಂದ."

ಅವಳ ಗಂಡನಿಗೆ ಆ ವರ್ಷ ಮೂವತ್ತಾರು.

ಒಂಬತ್ತು ವರ್ಷದಿಂದ ನೋಡುತ್ತಿದ್ದ ಹೆಂಗಸು ಆ ಗಳಿಗೆಯಲ್ಲಿ ಅವಳ ಕಣ್ಣೆದುರೇ ಬೇರೆಯಾಗಿಬಿಟ್ಟರು. ನಸುಕಿನ ಒಗೆತ, ಮಂಡಿ ನೋವು, ತಪ್ಪಿಸಿದ ಮದುವೆಗಳು, ಯಾರ ಮನೆಯ ಕುರ್ಚಿಯ ಮೇಲೂ ಕೂರದೆ ನಿಂತೇ ಮಾತಾಡಿ ಬರುವ ಆ ಬಿಗುಮಾನ, ಎಲ್ಲಕ್ಕೂ ಅರ್ಥ ಸಿಕ್ಕಿತು. ಡಾಕ್ಟರಿಗೆ ತೋರಿಸಲಿಲ್ಲವಾ ಅಂತ ಮೆಲ್ಲಗೆ ಕೇಳಿದಳು. ಏನಂತ ತೋರಿಸಲಿ, ಹೆತ್ತವರಿಗೆಲ್ಲ ಇದ್ದದ್ದೇ, ನನ್ನ ಅಮ್ಮನೂ ಹೀಗೇ ಇದ್ದು ಸತ್ತಳು ಅಂದರು ಅತ್ತೆ. ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕಿ, ಕಂಬಳಿ ಬಿಸಿಲಿಗೆ ಹಾಕು ಅಂತ ಎದ್ದುಹೋದರು. ಮತ್ತೆ ಆ ಮಾತೇ ಇಲ್ಲ.

ಆದರೆ ಮೂವತ್ತಾರು ಅನ್ನುವ ಆ ಸಂಖ್ಯೆ ಪಟಾಕಿಯ ತಲೆಯಿಂದ ಇಳಿಯಲಿಲ್ಲ. ನಾಚಿಕೆಗಿಂತ ಆ ಸಂಖ್ಯೆಯ ಹೆದರಿಕೆ ದೊಡ್ಡದಾಯಿತು. ಗುರುವಾರ ಅರ್ಧ ದಿನ ರಜೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಹೋದಳು. ಸಾಲಿನಲ್ಲಿ ಮೂರು ತಾಸು ಕೂತಳು. ಹೆಂಗಸರ ಡಾಕ್ಟರು ಉರಿಮೂತ್ರಕ್ಕೆ ಮಾತ್ರೆ ಬರೆದು, ಇನ್ನೊಂದಕ್ಕೆ ಮಾತ್ರೆಯಿಲ್ಲ, ಕೆಳಗಿನ ಮಹಡಿಯ ವ್ಯಾಯಾಮದ ಕೋಣೆಗೆ ಹೋಗು ಅಂದರು.

ಕೆಳಗಿನ ಕೋಣೆಯಲ್ಲಿ ಚಾಪೆ, ದೊಡ್ಡ ರಬ್ಬರ್ ಚೆಂಡು, ಗೋಡೆಗೆ ಒಂದು ಕನ್ನಡಿ. ಅಲ್ಲಿದ್ದ ಮೇಡಂ ದುಂಡಗಿದ್ದರು, ತೋಳು ಮಡಚಿದ ಬಿಳಿ ಕೋಟು, ಬಾಯಿಯಲ್ಲಿ ಲವಂಗ. ವ್ಯಾಯಾಮದವರು ಅಂದರೆ ಕಡ್ಡಿಯ ಹಾಗಿರುತ್ತಾರೆ ಅಂದುಕೊಂಡಿದ್ದ ಪಟಾಕಿಗೆ ಸ್ವಲ್ಪ ಧೈರ್ಯ ಬಂತು. ಮೇಡಂ ಅವಳನ್ನು ಮಲಗಿಸಿ, ತಲೆ ಸ್ವಲ್ಪ ಎತ್ತಿಸಿ, ಹೊಕ್ಕುಳದ ಮೇಲೆ ಬೆರಳಿಟ್ಟು ನೋಡಿದರು. ಹೊಟ್ಟೆಯ ಸ್ನಾಯುಗಳ ಮಧ್ಯದಲ್ಲಿ ಎರಡೂವರೆ ಬೆರಳಿನ ಸಂದು ಬಿಟ್ಟಿದೆ ಅಂದರು. ಎಷ್ಟು ದಿನದಿಂದ, ಯಾವಾಗ ಯಾವಾಗ, ಎಷ್ಟು ಅಂತ ತರಕಾರಿ ಬೆಲೆ ಕೇಳುವ ಹಾಗೆ ಕೇಳಿದರು. ಅವರು ಹಾಗೆ ಕೇಳಿದ್ದರಿಂದಲೇ ಇವಳಿಗೂ ಹೇಳಲು ಆಯಿತು.

"ನೋಡಮ್ಮ," ಅಂದರು, "ಹೊಟ್ಟೆ ಅಂದ್ರೆ ಒಂದು ಕೋಣೆ ಅಂದ್ಕೋ. ಮುಂದೆ ಗೋಡೆ, ಹಿಂದೆ ಗೋಡೆ, ಮೇಲೆ ಉಸಿರಿನ ಚಾವಣಿ, ಕೆಳಗೆ ನೆಲ. ನೀನು ಸೀನಿದಾಗ ಚಾವಣಿ ಕೆಳಗೆ ಗುದ್ದುತ್ತೆ. ಆಗ ನೆಲ ಎದ್ದು ತಡೀಬೇಕು. ನಿನ್ನ ನೆಲಕ್ಕೆ ಎದ್ದೇಳೋದು ಮರೆತುಹೋಗಿದೆ. ಮುಂದಿನ ಗೋಡೆನೂ ಸಡಿಲ. ನೆನಪು ಮಾಡ್ಸೋಣ."

ಚಾದರ ಹಿಡಿದ ಕೈಗೆ ಆ ಮಾತು ಬೇಗ ಅರ್ಥವಾಯಿತು. ಒಂದು ಮೂಲೆಯವರು ಸಡಿಲ ಬಿಟ್ಟರೆ ಇಡೀ ಚಾದರ ಜೋತುಬೀಳುತ್ತದೆ, ಉಳಿದ ಮೂರು ಮೂಲೆಗೆ ಜಗ್ಗಿ ಜಗ್ಗಿ ಕೈ ನೋಯುತ್ತದೆ. ಹಾಗಾದರೆ ಸೊಂಟ ನೋವೂ ಇದರದ್ದೇನಾ ಅಂತ ಕೇಳಿದಳು. ಬಹಳಮಟ್ಟಿಗೆ ಇದರದ್ದೇ, ಮುಂದಿನವರು ಮಾಡದ ಕೆಲಸವನ್ನು ಬೆನ್ನು ಮಾಡುತ್ತಿದೆ ಅಂದರು ಮೇಡಂ.

ಆಮೇಲೆ ಕಲಿಸಿಕೊಟ್ಟರು. ಬೆನ್ನ ಮೇಲೆ ಮಲಗಿ ಮಂಡಿ ಮಡಚಬೇಕು, ಪಾದ ನೆಲಕ್ಕೆ ಊರಬೇಕು. ಉಸಿರು ನಿಧಾನವಾಗಿ ಹೊರಗೆ ಬಿಡುತ್ತಾ, ಮೂತ್ರ ತಡೆಹಿಡಿಯುವ ಹಾಗೆ ಕೆಳಗಿನ ನೆಲವನ್ನು ಒಳಕ್ಕೆ, ಮೇಲಕ್ಕೆ ಸೆಳೆದುಕೊಳ್ಳಬೇಕು. ಹೊಕ್ಕುಳ ತಾನಾಗಿ ಬೆನ್ನಿನ ಕಡೆ ಸರಿಯುತ್ತದೆ. ಆಗ ಸೊಂಟ ಎತ್ತಬೇಕು, ಭುಜದಿಂದ ಮಂಡಿಯ ತನಕ ಒಂದೇ ಇಳಿಜಾರಾಗುವಷ್ಟು. ಐದು ಎಣಿಸಿ ಮೆಲ್ಲಗೆ ಇಳಿಸಿ, ಎಲ್ಲವನ್ನೂ ಪೂರ್ತಿ ಸಡಿಲ ಬಿಡಬೇಕು. ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಭಾರ ಎತ್ತುವ ಮೊದಲು, ಸೀನು ಬರುವ ಮೊದಲು ಒಂದು ಸಲ ನೆಲ ಸೆಳೆದುಕೊಳ್ಳಬೇಕು. ಉಸಿರು ಕಟ್ಟಬಾರದು. ನೀರು ಕುಡಿಯಬೇಕು. ಮೂರು ತಿಂಗಳು ಬಿಡದೆ ಮಾಡಬೇಕು.

ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ಸಿಟ್ಟೇ ಬಂತು. ಮೂರು ತಾಸು ಕಾದು, ಅರ್ಧ ದಿನದ ರಜೆ ಕಳೆದು, ಕೊನೆಗೆ ಕೊಟ್ಟದ್ದು ಮಲಗಿಕೊಂಡು ಸೊಂಟ ಎತ್ತುವ ಕೆಲಸವಾ. ಇದಕ್ಕೆ ಔಷಧಿ ಅಂತಾರಾ.

ಆದರೂ ಶುರು ಮಾಡಿದಳು. ಇದ್ದದ್ದು ಎರಡೇ ಕೋಣೆ. ಮಂಚಕ್ಕೂ ಗೋಡೆಗೂ ನಡುವೆ ಒಬ್ಬರು ಮಲಗುವಷ್ಟು ಜಾಗ. ಬೆಳಿಗ್ಗೆ ಅಲ್ಲಿ ಕಂಬಳಿ ಹಾಸಿ ಸೊಂಟ ಎತ್ತಿದರೆ ದೊಡ್ಡ ಮಗಳು ಬಂದು ಪಕ್ಕದಲ್ಲಿ ಮಲಗಿ ತಾನೂ ಎತ್ತುತ್ತಿದ್ದಳು, ಅಮ್ಮನಿಗಿಂತ ಎತ್ತರಕ್ಕೆ, ಅಮ್ಮನಿಗಿಂತ ಸುಲಭವಾಗಿ. ಎರಡನೆಯವಳು ಅದಕ್ಕೆ ಸೇತುವೆ ಅಂತ ಹೆಸರಿಟ್ಟು ತನ್ನ ಪ್ಲಾಸ್ಟಿಕ್ ಲಾರಿಯನ್ನು ಕೆಳಗೆ ಓಡಿಸುತ್ತಿದ್ದಳು. ಲಾರಿ ನಡುವೆ ಸಿಕ್ಕಿಕೊಂಡಾಗ ಐದಲ್ಲ, ಹದಿನೈದು ಎಣಿಸಬೇಕಾಗುತ್ತಿತ್ತು. ಗಂಡ ಕೇಳಿದ್ದಕ್ಕೆ ಸೊಂಟ ನೋವಿನ ವ್ಯಾಯಾಮ ಅಂದಳು. ಅತ್ತೆ ಬಾಗಿಲಲ್ಲಿ ನಿಂತು ಒಂದು ಸಲ ನೋಡಿ, ತುಟಿ ಓರೆ ಮಾಡಿ ಹೋದರು.

ನಾಲ್ಕು ವಾರ ಕಳೆಯಿತು. ಏನೂ ಬದಲಾಗಲಿಲ್ಲ. ನಿಜ ಹೇಳಬೇಕೆಂದರೆ ಇನ್ನಷ್ಟು ಕೆಟ್ಟಿತು. ಒಂದು ದಿನ ಒದ್ದೆ ಚಾದರದ ಗಂಟು ಎತ್ತುವಾಗ ಮೇಡಂ ಹೇಳಿದಂತೆಯೇ ಬಿಗಿಹಿಡಿದರೂ ಬಟ್ಟೆ ಪೂರ್ತಿ ನೆನೆಯಿತು. ಮನೆಗೆ ಬಂದವಳು ಕಂಬಳಿಯನ್ನು ಸುತ್ತಿ ಮಂಚದ ಕೆಳಗೆ ತಳ್ಳಿದಳು. ಒಂದು ವಾರ ಅದನ್ನು ಮುಟ್ಟಲಿಲ್ಲ. ಆಮೇಲೆ, ಬೈದಾದರೂ ಬರೋಣ ಅಂತ ಮೇಡಂ ಹತ್ತಿರ ಹೋದಳು.

ಮೇಡಂ ಬೈಸಿಕೊಂಡರು. ಬಾಯಿಯ ಲವಂಗವನ್ನು ಎಡ ಕೆನ್ನೆಯಿಂದ ಬಲ ಕೆನ್ನೆಗೆ ಸರಿಸಿ, ಎಲ್ಲಿ ಮಾಡಿ ತೋರಿಸು ಅಂದರು. ಅವಳು ಮಲಗಿ ಎತ್ತಿದಳು. ಹೊಟ್ಟೆಯ ಕೆಳಭಾಗದ ಮೇಲೆ ಕೈಯಿಟ್ಟವರು ತಕ್ಷಣ ಇಳಿಸು ಅಂದರು. ನೀನು ಉಸಿರು ಕಟ್ಟಿ ಮುಕ್ಕುತ್ತಿದ್ದೀಯ, ಒಳಕ್ಕೆ ಸೆಳೆಯೋದರ ಬದಲು ಹೊರಕ್ಕೆ ತಳ್ಳುತ್ತಿದ್ದೀಯ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೀತು ಅನ್ನೋ ಹಾಗಾಗಿದೆ ಅಂದರು. ಆ ದಿನ ಸೊಂಟ ಎತ್ತಿಸಲೇ ಇಲ್ಲ. ಬರೀ ಉಸಿರು ಬಿಡಿಸಿದರು. ಉರಿಯುತ್ತಿರುವ ಮೇಣದ ಬತ್ತಿ ಆರಿಸದೆ ಅಲ್ಲಾಡಿಸುವಷ್ಟು ಮೆಲ್ಲಗೆ. ಹತ್ತಾರು ಸಲ ಆದಮೇಲೆ ಒಂದು ಸಲ ಅವಳಿಗೆ ಗೊತ್ತಾಯಿತು, ಕೆಳಗೆಲ್ಲೋ ಒಳಗೆ, ತನ್ನದೇ ಆದರೂ ತಾನು ಯಾವತ್ತೂ ಕರೆಯದ ಏನೋ ಒಂದು ಸಣ್ಣಗೆ ಓಗೊಟ್ಟಿತು. ಅಷ್ಟೇ. ಅದನ್ನೇ ಹಿಡಿದುಕೋ ಅಂದರು ಮೇಡಂ.

ಆಮೇಲಿನದು ಒಂದೇ ದಿನದಲ್ಲಿ ಆದದ್ದಲ್ಲ, ಯಾವ ದಿನ ಆಯಿತು ಅಂತ ಅವಳಿಗೂ ಹೇಳಲು ಬರುವುದಿಲ್ಲ. ಮೊದಲು ಗಮನಕ್ಕೆ ಬಂದದ್ದು ಸೊಂಟ. ಒಂದು ಸಂಜೆ ಕೆಲಸ ಮುಗಿಸಿ ಬಸ್ಸಿನಲ್ಲಿ ಕೂತಾಗ, ಇವತ್ತು ಬೆನ್ನಿಗೆ ಕೈ ಹೋಗಲೇ ಇಲ್ಲವಲ್ಲ ಅನ್ನಿಸಿತು. ಮಗುವನ್ನು ಎತ್ತುವ ಮೊದಲು ಉಸಿರು ಬಿಟ್ಟು ಸೆಳೆದುಕೊಳ್ಳುವುದು ಅಭ್ಯಾಸವಾಯಿತು, ಆಮೇಲೆ ಮರೆತರೂ ತಾನಾಗಿ ಆಗತೊಡಗಿತು. ಹತ್ತನೆಯ ವಾರ ಸೋಪಿನ ಪುಡಿಯ ಚೀಲ ಬಿಚ್ಚುವಾಗ ಎರಡು ಸೀನು ಬಂದವು. ಅವಳು ಅಲ್ಲೇ ನಿಂತು ಕಾದಳು. ಏನೂ ಆಗಲಿಲ್ಲ. ನಂಬಿಕೆಯಾಗದೆ ಹೋಗಿ ನೋಡಿಕೊಂಡಳು. ಒಣಗಿತ್ತು. ನಲ್ಲಿಯ ಹತ್ತಿರ ಹೋಗಿ ಎರಡು ಲೋಟ ನೀರು ಕುಡಿದಳು.

ಆ ದಿನ ಊಟದ ಹೊತ್ತಿಗೆ ಟವೆಲಿನ ಮೇಜಿಗೆ ಹೋದಳು. ಉದ್ದಕ್ಕ ಒಬ್ಬಳೇ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು, ಇವಳನ್ನು ನೋಡಿಯೂ ನೋಡದ ಹಾಗೆ ಮಾಡಿದಳು. ಪಟಾಕಿ ಎದುರಿಗೆ ಕೂತು ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಅಕ್ಕ, ನಿನ್ನ ಮೇಲೆ ಸಿಟ್ಟಲ್ಲ. ನಕ್ಕರೆ ಉಚ್ಚೆ ಹೋಗ್ತಿತ್ತು. ಅದಕ್ಕೇ ನಗ್ತಿರಲಿಲ್ಲ."

ಉದ್ದಕ್ಕ ತುತ್ತು ಹಿಡಿದ ಕೈ ಇಳಿಸಿದಳು.

"ನಾನು ನಕ್ಕಿದ್ದು ನೋಡಿದ್ದೀಯಾ ಯಾವತ್ತಾದ್ರೂ?" ಅಂದಳು.

ಪಟಾಕಿ ಯೋಚಿಸಿದಳು. ಏಳು ವರ್ಷ, ದಿನಕ್ಕೆ ನಾನೂರು ಚಾದರ, ಎಷ್ಟು ಸಾವಿರ ತಮಾಷೆ. ನೋಡಿರಲಿಲ್ಲ. ಗಂಭೀರ ಮುಖ ಮಾಡಿಕೊಂಡು ಹೇಳುವುದೇ ಅವಳ ಕಲೆ ಅಂತ ಎಲ್ಲರೂ ಹೊಗಳುತ್ತಿದ್ದರು. ಉದ್ದಕ್ಕನಿಗೆ ಇಬ್ಬರು ಮಕ್ಕಳು, ದೊಡ್ಡವನಿಗೆ ಹದಿನೆಂಟು. ನೀನು ನಗುವುದನ್ನು ನೋಡೋದಕ್ಕೇ ಹೇಳುತ್ತಿದ್ದೆ ಕಣೆ ಅಂದಳು ಅವಳು, ನನ್ನ ಪಾಲಿನದನ್ನೂ ನೀನೇ ನಗ್ತಿದ್ದೆ, ಅದೂ ನಿಂತುಹೋದಮೇಲೆ ಅಲ್ಲಿ ನಿಂತು ಏನು ಮಾಡಲಿ.

ಮಾರನೆಯ ವಾರ ಅವಳು ಚಾದರದ ಮೇಜಿಗೆ ವಾಪಸು ಬಂದಳು. ಊಟದ ಬಿಡುವಿನ ಕೊನೆಯ ಹತ್ತು ನಿಮಿಷ ಇಬ್ಬರೂ ಇಸ್ತ್ರಿ ಯಂತ್ರದ ಹಿಂದೆ ಹಳೆಯ ಕಂಬಳಿ ಹಾಸಿ ಮಲಗತೊಡಗಿದರು. ಒಂದು ತಿಂಗಳಲ್ಲಿ ಇನ್ನೂ ನಾಲ್ವರು ಸೇರಿಕೊಂಡರು. ಯಾರಿಗೆ ಯಾಕೆ ಅಂತ ಯಾರೂ ಕೇಳಲಿಲ್ಲ. ಒಬ್ಬಳು ಬೆನ್ನಿಗೆ ಅಂದಳು, ಒಬ್ಬಳು ಸುಮ್ಮನೆ ಅಂದಳು. ಮೇಲ್ವಿಚಾರಕರು ಒಂದು ದಿನ ಇಣುಕಿ ನೋಡಿ, ಆರು ಜನ ಹೆಂಗಸರು ಸಾಲಾಗಿ ಸೊಂಟ ಎತ್ತಿ ಐದು ಎಣಿಸುತ್ತಿರುವುದನ್ನು ಕಂಡು, ಬಂದ ದಾರಿಗೆ ಸುಂಕವಿಲ್ಲ ಅಂತ ಹಿಂದಕ್ಕೇ ಹೋದರು. ಈ ಸಲ ಗಾಡಿ ಎಲ್ಲಿದೆ ಅಂತ ನೋಡಿಕೊಂಡು ಹೋದರು ಅಂದಳು ಉದ್ದಕ್ಕ. ಪಟಾಕಿ ಮಲಗಿದಲ್ಲೇ ಸಿಡಿದಳು, ಸೇತುವೆ ಕುಸಿಯಿತು.

ಮನೆಯ ಕತೆ ಇಷ್ಟು ಬೇಗ ಸಾಗಲಿಲ್ಲ. ಅತ್ತೆಗೆ ಹೇಳಿ ನೋಡಿದಳು. ಈ ವಯಸ್ಸಿನಲ್ಲಿ ಕುಣಿಯೋದು ಒಂದು ಬಾಕಿ ಅಂತ ತಳ್ಳಿಹಾಕಿದರು. ಇವಳೂ ಬಲವಂತ ಮಾಡಲಿಲ್ಲ. ಒಂದು ಮಧ್ಯಾಹ್ನ ಲಾಂಡ್ರಿಯಲ್ಲಿ ಕರೆಂಟು ಕೈಕೊಟ್ಟು ಎಲ್ಲರನ್ನೂ ಬೇಗ ಕಳಿಸಿದರು. ಮನೆಗೆ ಬಂದರೆ ಕೋಣೆಯ ಬಾಗಿಲು ಮುಚ್ಚಿತ್ತು. ಕೂಸು ಎದ್ದೀತು ಅಂತ ಸದ್ದಿಲ್ಲದೆ ತೆಗೆದಳು. ಮಂಚಕ್ಕೂ ಗೋಡೆಗೂ ನಡುವೆ ಅವಳ ಕಂಬಳಿಯ ಮೇಲೆ ಅತ್ತೆ ಅಂಗಾತ ಮಲಗಿದ್ದರು, ಮಂಡಿ ಮಡಚಿ, ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಮಂಚದ ಕಾಲು ಹಿಡಿದು. ಸೊಂಟ ನೆಲ ಬಿಟ್ಟು ಮೇಲೆ ಬಂದಿರಲಿಲ್ಲ. ಮುಖ ಕೆಂಪಗಾಗಿತ್ತು. ಎಷ್ಟು ದಿನದಿಂದ ಹೀಗೆ ಕದ್ದು ಒದ್ದಾಡುತ್ತಿದ್ದರೋ.

ಅತ್ತೆ ಏಳಲು ಹವಣಿಸಿದರು. ಆ ಸಂದಿನಲ್ಲಿ ಬೇಗ ಏಳುವುದು ಸಾಧ್ಯವಿರಲಿಲ್ಲ. ಪಟಾಕಿ ಪಕ್ಕದಲ್ಲಿ ಮಂಡಿಯೂರಿ ಕೂತು, ಅವರ ಕೈಯನ್ನು ಮಂಚದ ಕಾಲಿನಿಂದ ಒಂದೊಂದೇ ಬೆರಳು ಬಿಡಿಸಿದಳು.

"ಸೊಂಟ ಬಿಡಿ ಅತ್ತೆ, ಅದು ಆಮೇಲೆ," ಅಂದಳು. "ಮೊದ್ಲು ಉಸಿರು ಬಿಡಿ."

ಅತ್ತೆ ಕಣ್ಣು ಮುಚ್ಚಿಕೊಂಡರು. ಉಸಿರು ಬಿಟ್ಟರು. ಮೂವತ್ತಾರು ವರ್ಷ ಹಿಡಿದುಕೊಂಡದ್ದೆಲ್ಲ ಅದರ ಜೊತೆ ಬಂದ ಹಾಗೆ ಅದು ಉದ್ದವಾಗಿತ್ತು, ಕೊನೆಯಲ್ಲಿ ನಡುಗಿತು. ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆ ಇಳಿಯಿತು. ಸೊಸೆ ಅದನ್ನು ಒರೆಸಲು ಹೋಗಲಿಲ್ಲ, ಇನ್ನೊಂದು ಸಲ ಬಿಡಿ ಅಂದಳು. ಆ ದಿನ ಅವರ ಸೊಂಟ ಎದ್ದದ್ದು ಒಂದು ಬೆರಳಿನಷ್ಟು.

ಅತ್ತೆಯನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಇಷ್ಟು ವರ್ಷದ್ದು ವ್ಯಾಯಾಮ ಒಂದರಿಂದಲೇ ಪೂರ್ತಿ ಹೋಗುವುದಿಲ್ಲ, ಗರ್ಭಕೋಶ ಸ್ವಲ್ಪ ಕೆಳಗೆ ಜಾರಿದೆ ಅಂತ ಹೇಳಿ ಡಾಕ್ಟರು ಒಳಗೆ ಆಸರೆಗೆ ಒಂದು ಮೆತ್ತನೆಯ ಉಂಗುರ ಹಾಕಿದರು. ಜೊತೆಗೆ ವ್ಯಾಯಾಮವನ್ನೂ ಬಿಡಬಾರದು ಅಂದರು. ಅತ್ತೆ ಬಿಡಲಿಲ್ಲ. ಗಡಸು ಹೆಂಗಸರಿಗೆ ಒಂದು ಕೆಲಸ ಹಿಡಿಸಿದರೆ ಸಾಕು. ಬೆಳಿಗ್ಗೆ ಸೊಸೆಗಿಂತ ಮೊದಲೇ ಕಂಬಳಿ ಹಾಸಿರುತ್ತಿದ್ದರು. ಒಬ್ಬರಿಗಷ್ಟೇ ಇದ್ದ ಜಾಗ ಇಬ್ಬರಿಗೆ ಸಾಲದೆ ಗಂಡ ಒಂದು ಭಾನುವಾರ ಮಂಚವನ್ನೇ ಆಚೆ ಗೋಡೆಗೆ ಸರಿಸಿಕೊಟ್ಟ. ಏನಮ್ಮಾ ಇದೆಲ್ಲ ಅಂತ ಅವನು ಕೇಳಿದ್ದಕ್ಕೆ, ನಿನ್ನಿಂದಲೇ ಆದದ್ದು ಅಂದರು ಅವನ ತಾಯಿ. ಅವನಿಗೆ ಅರ್ಥವಾಗಲಿಲ್ಲ. ಹೆಂಡತಿ ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದಳು, ತನ್ನದನ್ನೂ ಸೇರಿಸಿ. ಅವನು ತುಂಬಾ ಹೊತ್ತು ಕೈಯಲ್ಲಿದ್ದ ಬೀಗದ ಕೈಯನ್ನು ತಿರುಗಿಸುತ್ತಾ ಕೂತಿದ್ದ.

ಆರು ತಿಂಗಳ ನಂತರ ಅತ್ತೆ ಒಬ್ಬರೇ ಬಸ್ಸು ಹತ್ತಿ ತಂಗಿಯ ಊರಿಗೆ ಹೋದರು. ಚೀಲದಲ್ಲಿ ಎರಡು ಜೊತೆ ಬಟ್ಟೆ ಹೆಚ್ಚಿಗೆ ಇತ್ತು, ಮುಖದಲ್ಲಿ ಹೆದರಿಕೆ ಇತ್ತು. ದಾರಿಯಲ್ಲಿ ಬಸ್ಸು ಒಂದು ಕಡೆ ನಿಂತಿತಂತೆ, ಅಲ್ಲಿ ಇಳಿದು ಶೌಚಾಲಯಕ್ಕೆ ಹೋಗಿ ಬಂದರಂತೆ, ಅಷ್ಟಕ್ಕೇ ಮುಗಿಯಿತಂತೆ. ಹನ್ನೊಂದು ವರ್ಷದ ನಂತರ ಬಾಗಿಲಲ್ಲಿ ನಿಂತ ಅಕ್ಕನನ್ನು ತಂಗಿ ಒಳಗೆ ಕರೆದರೂ ಮಾತಾಡಿಸಲಿಲ್ಲ. ಮಾರನೆಯ ದಿನ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಅತ್ತೆ ಕಾರಣ ಹೇಳಿದರು. ತಂಗಿ ಒರೆಸುತ್ತಿದ್ದ ಪಾತ್ರೆಯನ್ನೇ ಮತ್ತೆ ಮತ್ತೆ ಒರೆಸಿದಳಂತೆ. ನಿನಗೆ ನಮ್ಮ ಸಂಬಂಧ ಕೀಳಾಯಿತು ಅಂದುಕೊಂಡೆ ಅಂದಳಂತೆ, ಮದುವೆ ಮನೆಯಲ್ಲಿ ನಿನ್ನ ಕುರ್ಚಿ ಖಾಲಿ ಇಟ್ಟುಕೊಂಡು ಕಾದಿದ್ದೆ ಅಂದಳಂತೆ.

ವಾಪಸು ಬಂದಮೇಲೆ ಇದನ್ನೆಲ್ಲ ಸೊಸೆಗೆ ಹೇಳಿದರು ಅತ್ತೆ. ಅಂಗೈ ಅಗಲ ಇಲ್ಲದ ಒಂದು ಮಾಂಸದ ಪಟ್ಟಿ, ಅದಕ್ಕೆ ಹನ್ನೊಂದು ವರ್ಷ ಕೊಟ್ಟೆವಲ್ಲ ಅಂದರು. ಪಟಾಕಿಗೂ ಎಲ್ಲ ಸರಿಹೋಗಿರಲಿಲ್ಲ. ಜೋರು ನೆಗಡಿ ಬಂದಾಗ ಈಗಲೂ ಹುಷಾರಾಗಿರಬೇಕು. ಮಕ್ಕಳ ಜೊತೆ ಹಗ್ಗದಾಟ ಆಡಲು ಹೋಗಿ ಎಂಟನೆಯ ಜಿಗಿತಕ್ಕೆ ನಿಲ್ಲಿಸಬೇಕಾಗಿತ್ತು. ಎಂಟು ಕಮ್ಮಿಯೇನಲ್ಲ ಅಂದಿದ್ದರು ಮೇಡಂ.

ಮೊನ್ನೆ ಸಂಜೆ ತಂಗಿಯ ಫೋನು ಬಂತು. ಅತ್ತೆ ಕಿವಿಗೆ ಇಟ್ಟುಕೊಂಡು ಕೋಣೆಗೆ ಹೋದರು. ಆಚೆ ಕಡೆಯವರು ಏನು ಕೇಳಿದರೋ, ಅತ್ತೆಯ ದನಿ ಮೇಷ್ಟ್ರ ದನಿಯ ಹಾಗೆ ಗಟ್ಟಿಯಾಯಿತು. ಮಂಡಿ ಮಡಚಿದ್ಯಾ, ಪಾದ ಊರಿದ್ಯಾ ಅಂತ ಕೇಳುತ್ತಿದ್ದರು. ಫೋನನ್ನು ಎದೆಯ ಮೇಲಿಟ್ಟುಕೋ, ಕೈಯಲ್ಲಿ ಹಿಡಿದರೆ ಭುಜ ಬಿಗಿಯುತ್ತದೆ ಅಂದರು. ಪಟಾಕಿ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

"ಅಯ್ಯೋ, ಮುಕ್ಕಬೇಡ ಕಣೇ," ಅನ್ನುತ್ತಿದ್ದರು ಅತ್ತೆ. "ಎಲ್ರೂ ಮೊದ್ಲು ಅದೇ ತಪ್ಪು ಮಾಡೋದು. ಈಗ ಎಷ್ಟು ಎದ್ದಿತು? ಒಂದು ಬೆರಳಾ? ಸಾಕು, ಇಳಿಸು."